ನಕ್ಷತ್ರ ತೂಗಿದ ವೈನು ಬಾಪು

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ನಮ್ಮನ್ನು ಮನೆಗೆ ಬಂದ ನೆಂಟರು ಕೇಳುವುದು ಒಂದೇ: ಮುಂದೆ ಡಾಕ್ಟರೋ, ಎಂಜಿನಿಯರೋ? ನಕ್ಷತ್ರಗಳನ್ನು ಓದುವುದೂ ಒಂದು ಕೆಲಸ ಎಂಬುದು ಆ ಪ್ರಶ್ನೆಯೊಳಗೆ ಬರುವುದೇ ಇಲ್ಲ. ಆ ಕೆಲಸವನ್ನೇ ಜೀವನ ಮಾಡಿಕೊಂಡ, ಜೊತೆಗೆ ಇತರರೂ ಅದನ್ನು ಮಾಡಲು ಜಾಗ ಕಟ್ಟಿಕೊಟ್ಟ ಒಬ್ಬರ ಬಗ್ಗೆ ಈ ಸಂಚಿಕೆಗೆ ಬರೆಯುತ್ತಿದ್ದೇನೆ. ಅವರು ವೈನು ಬಾಪು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು.

ಬಾಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಮನೆತನ ಮಲಬಾರಿನದು. ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಈ ವೀಕ್ಷಣಾಲಯದ ಕಥೆ ನಾವು ತಿಳಿಯಬೇಕಾದದ್ದು. ನಿಜಾಮ ಸಂಸ್ಥಾನದ ನವಾಬ್ ಜಫರ್ ಜಂಗ್ ಅವರಿಗೆ ಆಕಾಶದ ಹುಚ್ಚು. ಇಂಗ್ಲೆಂಡಿನಿಂದ 15 ಇಂಚಿನ ದೂರದರ್ಶಕ ತರಿಸಿ, 1901ರಲ್ಲಿ ತಾವೇ ಅದನ್ನು ಆರಂಭಿಸಿದರು. 1908ರಲ್ಲಿ ಅದು ಸಂಸ್ಥಾನದ ಸರ್ಕಾರಕ್ಕೆ ಸೇರಿತು. 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಕೈಗೆ ಬಂತು. ನವಾಬರ ಆಸ್ತಿಯಾಗಿದ್ದದ್ದು ಹೀಗೆ ಎಲ್ಲರದಾಯಿತು. ಅಲ್ಲಿನ ನೌಕರರೊಬ್ಬರ ಮಗ ಚಿಕ್ಕಂದಿನಿಂದಲೇ ಅದರ ಸುತ್ತ ಓಡಾಡಿ ಬೆಳೆದ.

ಕಾಲೇಜು ಓದುತ್ತಿದ್ದಾಗಲೇ ಬಾಪು ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗಮನಿಸಿ ಲೇಖನ ಪ್ರಕಟಿಸಿದ್ದರು. ಮದರಾಸು ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯ ನಂತರ, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್‌ಗೆ ಹೋದರು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಅಲ್ಲಿನ ರೈತರು ಕಟ್ಟಿದ ಕಂದಾಯದ ಒಂದಿಷ್ಟು ಪಾಲೂ ಆ ವಿದ್ಯಾರ್ಥಿವೇತನದಲ್ಲಿತ್ತು ಎಂದು ನಾನು ಎಣಿಸುತ್ತೇನೆ. ಹೋದ ಕೆಲವೇ ತಿಂಗಳಲ್ಲಿ, 1949ರ ಜುಲೈ 2ರಂದು, ತಾವು ತೆಗೆದ ಛಾಯಾಚಿತ್ರದಲ್ಲಿ ಹೊಸ ಧೂಮಕೇತುವೊಂದನ್ನು ಗುರುತಿಸಿದರು. ಅದಕ್ಕೆ ಬಾಪು–ಬೋಕ್–ನ್ಯೂಕರ್ಕ್ ಎಂಬ ಹೆಸರಾಯಿತು. 1952ರಲ್ಲಿ ಡಾಕ್ಟರೇಟ್ ಸಿಕ್ಕಿತು.

ಬಳಿಕ ಅವರು ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯೊಂದಿಗೆ ಮಾಡಿದ ಕೆಲಸ 1957ರಲ್ಲಿ ಪ್ರಕಟವಾಗಿ ವಿಲ್ಸನ್–ಬಾಪು ಪರಿಣಾಮ ಎಂದು ಪ್ರಸಿದ್ಧವಾಯಿತು. ರಾತ್ರಿ ಬೈಪಾಸ್ ರಸ್ತೆಯಲ್ಲಿ ಮಂಕಾದ ದೀಪವೊಂದು ಕಂಡರೆ ಅದು ಹತ್ತಿರದ ಸಣ್ಣ ದೀಪವೋ, ದೂರದ ದೊಡ್ಡ ದೀಪವೋ ಹೇಳುವುದು ಕಷ್ಟ. ನಕ್ಷತ್ರಗಳದ್ದೂ ಇದೇ ಸಮಸ್ಯೆ. ತಂಪಾದ ನಕ್ಷತ್ರಗಳ ವರ್ಣಪಟಲದಲ್ಲಿ ಕ್ಯಾಲ್ಸಿಯಂನ ಕಪ್ಪು ಗೆರೆಯ ನಡುವೆ ಒಂದು ಹೊಳೆಯುವ ಗೆರೆ ಇರುತ್ತದೆ. ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚಿದಷ್ಟೂ ಆ ಗೆರೆ ಅಗಲವಾಗುತ್ತದೆ ಎಂದು ಅವರಿಬ್ಬರೂ ತೋರಿಸಿದರು. ಗೆರೆಯ ಅಗಲ ಅಳೆದರೆ ಪ್ರಕಾಶ ಗೊತ್ತಾಗುತ್ತದೆ, ಪ್ರಕಾಶದಿಂದ ದೂರ ಗೊತ್ತಾಗುತ್ತದೆ.

ಆದರೆ ಅಮೆರಿಕದ ದಿನಗಳಿಂದಲೂ ಬಾಪು ಅವರನ್ನು ಬಿಡದೆ ಕಾಡಿದ್ದು ಇನ್ನೊಂದು ಬಗೆಯ ನಕ್ಷತ್ರಗಳು. 1867ರಲ್ಲಿ ಪ್ಯಾರಿಸ್ಸಿನ ವುಲ್ಫ್ ಮತ್ತು ರಾಯೆ ಎಂಬ ಇಬ್ಬರು ಇವನ್ನು ಮೊದಲು ಗುರುತಿಸಿದ್ದರಿಂದ ವುಲ್ಫ್–ರಾಯೆ ನಕ್ಷತ್ರಗಳು ಎಂಬ ಹೆಸರು ಬಂದಿದೆ. ಸೂರ್ಯನ ಆಯುಷ್ಯ ಸುಮಾರು 1,000 ಕೋಟಿ ವರ್ಷ. ಸೂರ್ಯನಿಗಿಂತ 25–30 ಪಟ್ಟು ತೂಕದ ನಕ್ಷತ್ರದ ಆಯುಷ್ಯ ಹೆಚ್ಚೆಂದರೆ 60–70 ಲಕ್ಷ ವರ್ಷ. ಗಂಟು ದೊಡ್ಡದು ನಿಜ, ಖರ್ಚು ಅದಕ್ಕಿಂತ ದೊಡ್ಡದು. ಇಂಥ ನಕ್ಷತ್ರ ಕೊನೆಗಾಲಕ್ಕೆ ಬಂದಾಗ ಅದರಿಂದ ಸೆಕೆಂಡಿಗೆ ಸಾವಿರ, ಎರಡು ಸಾವಿರ ಕಿಲೋಮೀಟರ್ ವೇಗದ ಗಾಳಿ ಹೊರಬೀಸುತ್ತದೆ. ಹೊರಗಿನ ಜಲಜನಕವೆಲ್ಲ ಹಾರಿಹೋಗಿ, ಒಳಗೆ ಬೆಂದ ಹೀಲಿಯಂ, ಸಾರಜನಕ, ಇಂಗಾಲ ಕಾಣಿಸಿಕೊಳ್ಳುತ್ತವೆ. ಆಮೇಲೆ ತಿರುಳು ಕುಸಿಯುತ್ತದೆ. ಹಲವು ಸಲ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ತಯಾರಾದದ್ದು ಹಿಂದೆ ಹೀಗೆ ಬದುಕಿ ಸತ್ತ ಭಾರಿ ನಕ್ಷತ್ರಗಳ ಒಡಲಲ್ಲೇ.

ಇಷ್ಟೆಲ್ಲ ಇಂದು ನಮಗೆ ಸುಲಭವಾಗಿ ಸಿಗುವ ವಿವರಣೆ. ಬಾಪು ಅವರ ಕಾಲದಲ್ಲಿ ಇವು ಮುದಿ ನಕ್ಷತ್ರಗಳೋ, ಈಗಷ್ಟೇ ಹುಟ್ಟುತ್ತಿರುವವೋ ಎಂಬುದೇ ಚರ್ಚೆಯಲ್ಲಿತ್ತು. ಅದನ್ನು ತೀರ್ಮಾನಿಸಲು ಅವುಗಳ ತೂಕ ತಿಳಿಯಬೇಕಿತ್ತು.

1953ರಲ್ಲಿ ಬಾಪು ಭಾರತಕ್ಕೆ ಮರಳಿದರು. ಜಗತ್ತಿನ ಅತಿ ದೊಡ್ಡ ದೂರದರ್ಶಕಗಳನ್ನು ಹಿಂದೆ ಬಿಟ್ಟು, ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲದ ಕಡೆಗೆ ಬಂದರು. ಮೊದಲು ಉತ್ತರ ಪ್ರದೇಶದ ವೀಕ್ಷಣಾಲಯದ ಮುಖ್ಯಸ್ಥರಾಗಿ ಅದನ್ನು ನೈನಿತಾಲದಲ್ಲಿ ಕಟ್ಟಿದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು 1899ರಲ್ಲಿ ಸೂರ್ಯನ ಅಧ್ಯಯನಕ್ಕೆಂದೇ ಆರಂಭವಾದದ್ದು. ಅಲ್ಲಿಂದಲೇ ಅವರು ಸಹೋದ್ಯೋಗಿ ಗಣೇಶ್ ಅವರ ಜೊತೆ ವೇಲಾ ನಕ್ಷತ್ರಪುಂಜದ ಗಾಮಾ ಎಂಬ ನಕ್ಷತ್ರವನ್ನು ಹಿಡಿದು ಕೂತರು.

ಗಾಮಾ ಆಕಾಶದಲ್ಲೇ ಅತಿ ಪ್ರಕಾಶದ ವುಲ್ಫ್–ರಾಯೆ ನಕ್ಷತ್ರ. ಅದಕ್ಕೆ ಇನ್ನೊಂದು ಭಾರಿ ನಕ್ಷತ್ರ ಜೊತೆಗಿದೆ. ಎರಡೂ ಒಂದನ್ನೊಂದು ಸುತ್ತುತ್ತವೆ. ನಮ್ಮತ್ತ ಬರುವಾಗ ಗೆರೆಗಳು ನೀಲಿಯತ್ತ, ದೂರ ಹೋಗುವಾಗ ಕೆಂಪಿನತ್ತ ಸರಿಯುತ್ತವೆ. ನಾವು ಶಬ್ದದ ಪಾಠದಲ್ಲಿ ಓದಿದ ಡಾಪ್ಲರ್ ಪರಿಣಾಮವೇ ಇದು. ಎರಡರ ವೇಗ ಹೋಲಿಸಿದರೆ ಯಾವುದು ಎಷ್ಟು ಪಟ್ಟು ಭಾರ ಎಂದು ತಿಳಿಯುತ್ತದೆ. ಒಂದು ಸುತ್ತಿಗೆ 78.5 ದಿನ ಬೇಕು ಎಂಬ ಅವರ ಲೆಕ್ಕ 1960ರ ದಶಕದ ಕೊನೆಗೆ ಪ್ರಕಟವಾಯಿತು, ಇಂದಿಗೂ ನಿಂತಿದೆ. ಈಗಿನ ಅಳತೆಯಂತೆ ವುಲ್ಫ್–ರಾಯೆ ನಕ್ಷತ್ರ ಸೂರ್ಯನ ಸುಮಾರು 9 ಪಟ್ಟು ತೂಗುತ್ತದೆ, ಜೊತೆಗಾರ ಸುಮಾರು 28 ಪಟ್ಟು. ಹೆಚ್ಚು ತೂಕದ್ದು ಮೊದಲು ಮುದಿಯಾಗಬೇಕು. ಇಲ್ಲಿ ಕಡಿಮೆ ತೂಕದ್ದೇ ಮುದಿಯಾಗಿದೆ. ಅಂದರೆ ಅದು ಒಂದು ಕಾಲಕ್ಕೆ ಇನ್ನೂ ಭಾರವಾಗಿತ್ತು, ಮೈಯ ಬಹುಪಾಲನ್ನು ಕಳೆದುಕೊಂಡಿದೆ. 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಈ ನಕ್ಷತ್ರಗಳ ಕುರಿತು ನಡೆದ ಅಂತರರಾಷ್ಟ್ರೀಯ ಗೋಷ್ಠಿಯ ಗ್ರಂಥಕ್ಕೆ ಬಾಪು ಸಂಪಾದಕರಲ್ಲೊಬ್ಬರು.

ದಕ್ಷಿಣದ ಇಂಥ ನಕ್ಷತ್ರಗಳನ್ನು ನೋಡಲು ಕತ್ತಲಿರುವ, ಸಮಭಾಜಕಕ್ಕೆ ಹತ್ತಿರದ ಜಾಗ ಬೇಕಿತ್ತು. ತಮಿಳುನಾಡಿನ ಜವಾದಿ ಬೆಟ್ಟಗಳ ಕಾಡಿನ ನಡುವೆ ಕಾವಲೂರು ಎಂಬ ಹಳ್ಳಿ ಸಿಕ್ಕಿತು. 1967ರಲ್ಲಿ ಅಲ್ಲಿ ನಿಂತ ಮೊದಲ ದೂರದರ್ಶಕ 38 ಸೆಂಟಿಮೀಟರಿನದು. ತಮ್ಮದೇ ಕಾರ್ಯಾಗಾರದಲ್ಲಿ ಮಾಡಿಕೊಂಡದ್ದು. 1972ರಲ್ಲಿ ಒಂದು ಮೀಟರಿನದು ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹಕ್ಕೆ ಬಳೆಗಳಿವೆ ಎಂಬ ಸುಳಿವು ಸಿಕ್ಕ ಕೆಲವೇ ಸ್ಥಳಗಳಲ್ಲಿ ಕಾವಲೂರೂ ಒಂದು.

ಇಷ್ಟಕ್ಕೆ ಅವರಿಗೆ ತೃಪ್ತಿಯಿರಲಿಲ್ಲ. 2.34 ಮೀಟರಿನ ದೂರದರ್ಶಕವನ್ನು ನಮ್ಮಲ್ಲೇ ವಿನ್ಯಾಸ ಮಾಡಿ ನಮ್ಮಲ್ಲೇ ತಯಾರಿಸಬೇಕೆಂದು ಹಟ ಹಿಡಿದರು. ಅದರ ಕನ್ನಡಿಯನ್ನು ಬೆಂಗಳೂರಿನಲ್ಲೇ ಉಜ್ಜಿ ನುಣುಪು ಮಾಡಲಾಯಿತು. ಅಷ್ಟರಲ್ಲಿ, 1979ರಲ್ಲಿ, ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ. 1982ರ ಆಗಸ್ಟ್ 19ರಂದು, ಹೃದಯ ಶಸ್ತ್ರಚಿಕಿತ್ಸೆಯ ನಂತರ, ಜರ್ಮನಿಯ ಮ್ಯೂನಿಕ್‌ನಲ್ಲಿ ತೀರಿಕೊಂಡರು. ವಯಸ್ಸು 55. ದೂರದರ್ಶಕ ಕೆಲಸ ಆರಂಭಿಸಿದ್ದು 1985ರ ಕೊನೆಗೆ. 1986ರ ಜನವರಿಯಲ್ಲಿ ಅದಕ್ಕೂ ವೀಕ್ಷಣಾಲಯಕ್ಕೂ ಅವರ ಹೆಸರಿಟ್ಟರು.

ಅವರು ಕ್ಯಾಲಿಫೋರ್ನಿಯಾದಲ್ಲೇ ಉಳಿದಿದ್ದರೆ ಇನ್ನಷ್ಟು ಸಂಶೋಧನೆ ಮಾಡಬಹುದಿತ್ತೇನೋ. ಜಾಗ ಹುಡುಕುವುದರಲ್ಲಿ, ಕಟ್ಟಡ ಎಬ್ಬಿಸುವುದರಲ್ಲಿ, ಕಡತಗಳಲ್ಲಿ ಕಳೆದ ವರ್ಷಗಳು ನಕ್ಷತ್ರಗಳಿಗೆ ಸಿಗಬೇಕಾದವು. ಆ ನಷ್ಟ ಸಣ್ಣದಲ್ಲ. ಆದರೂ ನಾನು ಅದನ್ನು ವ್ಯರ್ಥವೆಂದು ಹೇಳಲಾರೆ. ಕೊಟ್ಟವರು ಹೋದ ಮೇಲೂ ಫಲ ಕೊಡುತ್ತಲೇ ಇರುವ ದಾನಕ್ಕೆ ನಾವು ಸದಖಾ ಜಾರಿಯಾ ಎನ್ನುತ್ತೇವೆ. ನವಾಬ್ ಜಫರ್ ಜಂಗ್ ದೂರದರ್ಶಕ ತರಿಸಿದಾಗ ಬಾಪು ಹುಟ್ಟಿರಲಿಲ್ಲ. ಬಾಪು ಕನ್ನಡಿ ಉಜ್ಜಿಸಿದಾಗ ನಾವಾರೂ ಹುಟ್ಟಿರಲಿಲ್ಲ.

ರಂಜಾನ್ ಚಂದ್ರನನ್ನು ಕಾಣಲು ಮಾಳಿಗೆ ಹತ್ತುವವರು ನಾವು. ಇನ್ನೊಂದು ಸಲ ಹತ್ತೋಣ. ಮಾರ್ಚ್ ಮೊದಲ ವಾರ, ಪರೀಕ್ಷೆಯ ಓದಿನ ನಡುವೆ ರಾತ್ರಿ 9ರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಅಗಸ್ತ್ಯ ನಕ್ಷತ್ರ ಹೊಳೆಯುತ್ತಿರುತ್ತದೆ. ಅರಬ್ಬಿಯಲ್ಲಿ ಅದು ಸುಹೈಲ್. ಅದರ ಎಡಕ್ಕೆ, ಚಾಚಿದ ಕೈಯ ಒಂದು ಗೇಣಿನಷ್ಟು ದೂರದಲ್ಲಿ, ತುಸು ಮೇಲೆ, ಇನ್ನೊಂದು ನಕ್ಷತ್ರ ಕಾಣುತ್ತದೆ. ಹುಬ್ಬಳ್ಳಿಯಿಂದ ಬರಿಗಣ್ಣಿಗೇ ಕಾಣುವ ಅದೇ ಬಾಪು ತೂಗಿದ ಗಾಮಾ.