ಜೇಮ್ಸ್ ಪ್ರೆಸ್ಕಾಟ್ ಜೂಲ್

ಜೇಮ್ಸ್ ಪ್ರೆಸ್ಕಾಟ್ ಜೂಲ್ (24 ಡಿಸೆಂಬರ್ 1818 – 11 ಅಕ್ಟೋಬರ್ 1889) ಇಂಗ್ಲೆಂಡಿನ ಭೌತವಿಜ್ಞಾನಿ. ವಿದ್ಯುತ್ತು ಹರಿಯುವ ತಂತಿಯಲ್ಲಿ ಎಷ್ಟು ಉಷ್ಣ ಹುಟ್ಟುತ್ತದೆ ಎಂಬುದಕ್ಕೆ ನಿಯಮವನ್ನು ಕಂಡುಹಿಡಿದವರು. ನೀರು ಕಾಯಿಸುವ ರಾಡು, ಇಸ್ತ್ರಿಪೆಟ್ಟಿಗೆ, ಚಿಕ್ಕ ಕೋಣೆಯನ್ನು ಬೆಚ್ಚಗಿಡುವ ಸುರುಳಿ ಹೀಟರು ಇವೆಲ್ಲ ಆ ನಿಯಮಕ್ಕೆ ಒಳಪಟ್ಟ ಸಾಧನಗಳು. ಶಕ್ತಿಯ ಅಂತರರಾಷ್ಟ್ರೀಯ ಏಕಮಾನಕ್ಕೆ ಇವರ ಹೆಸರನ್ನಿಡಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಮ್ಯಾಂಚೆಸ್ಟರಿನ ಪಕ್ಕದ ಸ್ಯಾಲ್ಫರ್ಡ್ ಇವರ ಹುಟ್ಟೂರು. ತಂದೆ ಬೆಂಜಮಿನ್ ಜೂಲ್ ಬಿಯರ್ ತಯಾರಿಸುವ ಕಾರ್ಖಾನೆಯ ಶ್ರೀಮಂತ ಒಡೆಯರು. ಬಾಲಕನ ದೇಹಸ್ಥಿತಿ ದುರ್ಬಲವಾಗಿದ್ದುದರಿಂದ ಪಾಠವೆಲ್ಲ ಮನೆಯಲ್ಲಿಯೇ ನಡೆಯಿತು. 1834ರಿಂದ ಅಣ್ಣನೊಡನೆ, ಪರಮಾಣುವಾದದ ಪ್ರವರ್ತಕ ಜಾನ್ ಡಾಲ್ಟನ್ ಅವರಲ್ಲಿ ಶಿಷ್ಯವೃತ್ತಿ. 1837ರಲ್ಲಿ ಡಾಲ್ಟನ್ನರಿಗೆ ಪಾರ್ಶ್ವವಾಯು ಬಡಿಯಿತು. ಪಾಠ ಅಲ್ಲಿಗೆ ನಿಂತಿತು. ಜೂಲ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ.

ತಂತಿಯ ಉಷ್ಣ

ಕಾರ್ಖಾನೆಯ ಹಬೆಯಂತ್ರದ ಬದಲಿಗೆ ವಿದ್ಯುತ್ ಮೋಟಾರನ್ನು ಹೂಡಬಹುದೇ ಎಂಬುದು ತರುಣ ಜೂಲ್ ಅವರ ಮೊದಲ ಪ್ರಶ್ನೆ. ಆ ಆಸೆ ಕೈಗೂಡಲಿಲ್ಲ. ಬ್ಯಾಟರಿಯಲ್ಲಿ ಒಂದು ಪೌಂಡ್ ಸತುವನ್ನು ಸವೆಸಿದರೆ ದೊರೆಯುವ ಕೆಲಸಕ್ಕಿಂತ ಒಂದು ಪೌಂಡ್ ಕಲ್ಲಿದ್ದಲು ಉರಿಸಿದರೆ ದೊರೆಯುವುದೇ ಹಲವು ಪಟ್ಟು ಹೆಚ್ಚೆಂದು ಅವರ ಲೆಕ್ಕವೇ ತೋರಿಸಿತು. ಆದರೆ ಈ ಶೋಧದ ದಾರಿಯಲ್ಲಿಯೇ ತಂತಿಗಳು ಬಿಸಿಯಾಗುವುದರ ಕಡೆಗೆ ಅವರ ಗಮನ ಹರಿಯಿತು.

ಗಾಜಿನ ಕೊಳವೆಗೆ ತಂತಿಯನ್ನು ಸುರುಳಿಯಾಗಿ ಸುತ್ತಿ, ಜಾಡಿಯ ನೀರಿನಲ್ಲಿ ಮುಳುಗಿಸಿ, ವಿದ್ಯುತ್ತು ಹರಿಸಿ, ನೀರಿನ ತಾಪ ಎಷ್ಟು ಏರಿತೆಂದು ಉಷ್ಣಮಾಪಕದಿಂದ ಅಳೆದರು. ನಮ್ಮ ಮನೆಗಳಲ್ಲಿ ಬಕೆಟ್ಟಿಗೆ ಇಳಿಬಿಡುವ ರಾಡಿನ ತತ್ತ್ವವೂ ಇದೇ. 1840ರಲ್ಲಿ ಅವರು ಕಂಡ ನಿಯಮ ಹೀಗಿದೆ: ಹುಟ್ಟುವ ಉಷ್ಣವು ತಂತಿಯ ರೋಧಕ್ಕೂ ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ರಾಯಲ್ ಸೊಸೈಟಿ ಲೇಖನದ ಸಾರಾಂಶವನ್ನಷ್ಟೇ ಅಚ್ಚುಹಾಕಿತು. ಪೂರ್ಣ ಬರಹ 1841ರಲ್ಲಿ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಬೆಳಕು ಕಂಡಿತು.

ಮನೆಯಲ್ಲಿಯೇ ಹೀಟರು ಕಟ್ಟಹೊರಡುವವರು 'ವರ್ಗ' ಎಂಬ ಮಾತನ್ನು ಹಗುರವಾಗಿ ಕಾಣಬಾರದು. 230 ವೋಲ್ಟಿನಲ್ಲಿ 500 ವಾಟ್ ಕೊಡುವ ಸುರುಳಿ ಸುಮಾರು 2.2 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಹೆಚ್ಚು ಶಾಖ ಬೇಕೆಂದು ಸುರುಳಿಯನ್ನು ಅರ್ಧಕ್ಕೆ ಕತ್ತರಿಸಿದರೆ ರೋಧ ಅರ್ಧವಾಗಿ, ಪ್ರವಾಹ ಇಮ್ಮಡಿಯಾಗಿ, ಒಟ್ಟು ಶಾಖವೂ ಇಮ್ಮಡಿಯಾಗುತ್ತದೆ. ಆದರೆ ಗೋಡೆಯ ಪ್ಲಗ್ಗಿನಿಂದ ಬರುವ ವೈರಿನ ರೋಧ ಮೊದಲಿನಷ್ಟೇ ಇರುವುದರಿಂದ ಅದರಲ್ಲಿ ಹುಟ್ಟುವ ಉಷ್ಣ ನಾಲ್ಮಡಿ. ತೆಳು ವೈರು, ಸಡಿಲ ಜೋಡಣೆ ಕರಗಿ ಬೆಂಕಿ ಹತ್ತುವುದು ಹೀಗೆ. ಕೆಂಪಗೆ ಕಾದರೂ ಬೇಗ ತುಕ್ಕು ಹಿಡಿಯದ ನಿಕಲ್-ಕ್ರೋಮಿಯಮ್ ತಂತಿ ಜೂಲ್ ಅವರ ಕಾಲಕ್ಕೆ ಇರಲಿಲ್ಲ. ಅಮೆರಿಕದ ಆಲ್ಬರ್ಟ್ ಮಾರ್ಷ್ ಅದಕ್ಕೆ ಪೇಟೆಂಟ್ ಪಡೆದದ್ದು 1906ರಲ್ಲಿ.

ಉಷ್ಣ ಮತ್ತು ಕಾರ್ಯ

ಉಷ್ಣವು ಒಂದು ದ್ರವ್ಯವೆಂದು ಹಲವರು ನಂಬಿದ್ದ ಕಾಲವದು. ಕೆಲಸವೇ ಉಷ್ಣವಾಗಿ ಮಾರ್ಪಡುತ್ತದೆಂದು ಜೂಲ್ 1843ರಲ್ಲಿ ಕಾರ್ಕ್ ನಗರದ ಸಭೆಯಲ್ಲಿ ಮಂಡಿಸಿದಾಗ ಕಿವಿಗೊಟ್ಟವರು ಕಡಿಮೆ. ಬೀಳುವ ತೂಕಗಳಿಂದ ನೀರಿನೊಳಗೆ ರೆಕ್ಕೆಗಳನ್ನು ತಿರುಗಿಸಿ ಅವರು ಮತ್ತೆ ಮತ್ತೆ ಅಳೆದರು. 1847ರ ಆಕ್ಸ್‌ಫರ್ಡ್ ಸಭೆಯಲ್ಲಿ ತರುಣ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಆಸಕ್ತಿ ತೋರಿದ ಮೇಲೆ ವಿದ್ವಾಂಸರ ಗಮನ ಇತ್ತ ತಿರುಗಿತು. 1850ರಲ್ಲಿ ಪ್ರಕಟಿಸಿದ ಬೆಲೆ 772: ಒಂದು ಪೌಂಡ್ ನೀರಿನ ತಾಪವನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸುವ ಉಷ್ಣವು 772 ಪೌಂಡ್ ತೂಕವನ್ನು ಒಂದು ಅಡಿ ಎತ್ತುವ ಕೆಲಸಕ್ಕೆ ಸಮ. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವ, 1870ರಲ್ಲಿ ಕಾಪ್ಲಿ ಪದಕ ಸಂದವು.

ಕೊನೆಯ ವರ್ಷಗಳು

1847ರಲ್ಲಿ ಅಮೀಲಿಯಾ ಗ್ರೈಮ್ಸ್ ಅವರೊಡನೆ ವಿವಾಹವಾಯಿತು. 1854ರಲ್ಲಿ ಆಕೆ ತೀರಿಕೊಂಡರು. ಸ್ವಂತ ಹಣದಿಂದಲೇ ಪ್ರಯೋಗ ನಡೆಸುತ್ತಿದ್ದ ಜೂಲ್ ಅವರ ಸಂಪತ್ತು ಕ್ರಮೇಣ ಕರಗಿ, 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ನಿವೃತ್ತಿವೇತನ ನೀಡಿತು. ಸೇಲ್ ಎಂಬ ಊರಿನಲ್ಲಿ ನಿಧನರಾದರು. ಅವರ ಸಮಾಧಿಶಿಲೆಯ ಮೇಲೆ, 1878ರಲ್ಲಿ ಅವರು ಕಡೆಯದಾಗಿ ಅಳೆದ ಬೆಲೆ 772.55 ಎಂದು ಕೊರೆಯಲಾಗಿದೆ.