ಸರ್ ಸಿ. ವಿ. ರಾಮನ್ ಮತ್ತು ಉರಿಯ ಕಾವು

ಕುಲುಮೆಯಲ್ಲಿ ಕಾದ ಕಬ್ಬಿಣದ ಬಣ್ಣವನ್ನು ನೋಡಿಯೇ ಕಮ್ಮಾರನು ಅದರ ಕಾವನ್ನು ಅರಿಯುತ್ತಾನೆ. ಆದರೆ ಹಗಲಿನಲ್ಲಿ ಕಣ್ಣಿಗೆ ಕಾಣದಷ್ಟು ಮಸುಕಾಗಿ ಉರಿಯುವ ಜಲಜನಕದ ಜ್ವಾಲೆಯ ಕಾವನ್ನು ಅರಿಯುವ ಬಗೆ ಹೇಗೆ? ಗಾಳಿಯಲ್ಲಿ ಅದು 2000 ಡಿಗ್ರಿ ಸೆಂಟಿಗ್ರೇಡನ್ನೂ ಮೀರಬಲ್ಲುದು. ಒಳಗೆ ತಂತಿಯನ್ನಿಟ್ಟು ಅಳೆಯಹೊರಟರೆ ತಂತಿಯೇ ಜ್ವಾಲೆಯನ್ನು ಕದಡುತ್ತದೆ. ಆದುದರಿಂದ ವಿಜ್ಞಾನಿಗಳು ಅದರೊಳಗೆ ಲೇಸರ್ ಕಿರಣವನ್ನು ಹಾಯಿಸಿ, ಚೆದುರಿ ಬಂದ ಬೆಳಕನ್ನು ಪರೀಕ್ಷಿಸುತ್ತಾರೆ. ಈ ಬಗೆಯ ಒಂದು ಮುಖ್ಯ ವಿಧಾನಕ್ಕೆ ತಳಹದಿಯನ್ನು ಹಾಕಿದವರು ಚಂದ್ರಶೇಖರ ವೆಂಕಟರಾಮನ್ನರು.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಕಾಲೇಜಿನ ಅಧ್ಯಾಪಕರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಅವರು ಪಡೆದುದೂ ನಮ್ಮಂತೆ ಬಿ.ಎ. ಪದವಿಯೇ! 1907ರಲ್ಲಿ ಎಂ.ಎ. ಮುಗಿಸಿ, ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲೆಲ್ಲ ಲೆಕ್ಕಪತ್ರ, ಕಚೇರಿಗೆ ಮೊದಲೂ ಕಚೇರಿ ಬಿಟ್ಟ ಮೇಲೂ ಬೌಬಜಾರಿನ ವಿಜ್ಞಾನ ಸಂಘದಲ್ಲಿ ಪ್ರಯೋಗ. 1917ರಲ್ಲಿ ಆ ದೊಡ್ಡ ಸಂಬಳದ ಹುದ್ದೆಯನ್ನು ಬಿಟ್ಟು, ಕಡಿಮೆ ಸಂಬಳಕ್ಕೆ ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸರ್ಕಾರಿ ನೌಕರಿಯನ್ನು ಬಿಡುತ್ತೇನೆಂದು ನಾನು ಹೇಳಿದರೆ ಆ ದಿನ ಮನೆಯಲ್ಲಿ ಒಲೆ ಹೊತ್ತದು. ರಾಮನ್ನರ ಜೀವನದಲ್ಲಿ ನೊಬೆಲ್ ಬಹುಮಾನಕ್ಕಿಂತ ಈ ಸಂಗತಿಯೇ ನನಗೆ ದೊಡ್ಡದಾಗಿ ಕಾಣುತ್ತದೆ.

1921ರಲ್ಲಿ ಇಂಗ್ಲೆಂಡಿನಿಂದ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಸೆಳೆಯಿತು. ಅದು ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚೆದುರಿಸುತ್ತವೆಂದು ಅವರು ತೋರಿಸಿದರು. ಅಲ್ಲಿಂದ ಹಿಡಿದ ದಾರಿ 1928ರ ಫೆಬ್ರವರಿ 28ಕ್ಕೆ ಮುಟ್ಟಿತು. ಒಂದೇ ಬಣ್ಣದ ಬೆಳಕನ್ನು ಹಾಯಿಸಿದರೂ, ಚೆದುರಿದ ಬೆಳಕಿನಲ್ಲಿ ಬೇರೆ ಬಣ್ಣದ ಒಂದು ಅತ್ಯಲ್ಪ ಭಾಗವಿರುವುದು ಸ್ಪಷ್ಟವಾಯಿತು. ಈ ಕೆಲಸದಲ್ಲಿ ಅವರ ಶಿಷ್ಯ ಕೆ. ಎಸ್. ಕೃಷ್ಣನ್ನರ ಪಾಲು ದೊಡ್ಡದು. ಜನರು ಅದನ್ನು ಮರೆಯುವುದು ನ್ಯಾಯವಲ್ಲ. 1930ರಲ್ಲಿ ರಾಮನ್ನರಿಗೆ ನೊಬೆಲ್ ಬಹುಮಾನ ಬಂದಿತು.

ಬೆಳಕು ಅಣುವಿಗೆ ತುಸು ಶಕ್ತಿಯನ್ನು ಕೊಟ್ಟು ಹೊರಟರೆ ಕೆಂಪಿನ ಕಡೆಗೆ ವಾಲುತ್ತದೆ. ಮೊದಲೇ ಕಂಪಿಸುತ್ತಿರುವ ಅಣುವಿನಿಂದ ಶಕ್ತಿಯನ್ನು ಪಡೆದು ಹೊರಟರೆ ನೀಲಿಯ ಕಡೆಗೆ ವಾಲುತ್ತದೆ. ಅನಿಲವು ಕಾದಷ್ಟೂ ಕಂಪಿಸುವ ಅಣುಗಳು ಹೆಚ್ಚು, ಎರಡನೆಯ ಬಗೆಯ ಬೆಳಕೂ ಹೆಚ್ಚು. ಎರಡನ್ನೂ ಹೋಲಿಸಿದರೆ ಉಷ್ಣತೆಯು ಗೊತ್ತಾಗುತ್ತದೆ. ಆದರೆ ಈ ಬೆಳಕು ಬಲು ಕ್ಷೀಣ. 1960ರಲ್ಲಿ ಲೇಸರ್ ಬಂದ ಮೇಲೆಯೇ ಜ್ವಾಲೆಯೊಳಗೆ ಅದನ್ನು ಹಿಡಿಯುವುದು ಸುಲಭವಾಯಿತು.

ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದರು. 1948ರಲ್ಲಿ ಅಲ್ಲಿಯೇ ತಮ್ಮ ಸಂಶೋಧನಾ ಮಂದಿರವನ್ನು ಕಟ್ಟಿದರು. 1970ರ ನವೆಂಬರ್ 21ರಂದು ಅಲ್ಲಿಯೇ ಕಣ್ಮುಚ್ಚಿದರು. ಜಲಜನಕದ ಜ್ವಾಲೆಯಲ್ಲಿ ಲೇಸರಿನಿಂದ ರಾಮನ್ ಬೆಳಕನ್ನು ಹಿಡಿದು ಉಷ್ಣತೆಯನ್ನು ಅಳೆದ ವರದಿಯೊಂದು ಅಮೆರಿಕದಲ್ಲಿ ಪ್ರಕಟವಾದುದು 1972ರಲ್ಲಿ.