ದುರ್ಗಾಳನ್ನು ಹುಟ್ಟಿಸಿದ ಡಾಕ್ಟರು

ಟೆಸ್ಟ್ ಟ್ಯೂಬ್ ಬೇಬಿ ಅಂದ್ರೆ ಕ್ವಿಜ್‌ನಲ್ಲಿ ನಾವೆಲ್ಲ ಥಟ್ಟನೆ ಹೇಳೋದು ಲೂಯಿಸ್ ಬ್ರೌನ್ ಹೆಸರು. 1978ರ ಜುಲೈ 25, ಇಂಗ್ಲೆಂಡ್. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಇನ್ನೊಂದು ಹೆಣ್ಣುಮಗು ಹುಟ್ಟಿತು. ದುರ್ಗಾಪೂಜೆಯ ಸಮಯ, ಹಾಗಾಗಿ ದುರ್ಗಾ ಅಂತಲೇ ಕರೆದರು. ಇದರ ಹಿಂದಿದ್ದವರು ಡಾ. ಸುಭಾಷ್ ಮುಖೋಪಾಧ್ಯಾಯ.

1931ರಲ್ಲಿ ಹಜಾರಿಬಾಗ್‌ನಲ್ಲಿ ಹುಟ್ಟಿದ ಇವರು ಕೋಲ್ಕತ್ತಾದಲ್ಲಿ ವೈದ್ಯಕೀಯ ಓದಿ, ಅಲ್ಲೇ ಒಂದು ಪಿಎಚ್‌ಡಿ ಮುಗಿಸಿ, ಎಡಿನ್‌ಬರೋದಲ್ಲಿ ಹಾರ್ಮೋನುಗಳ ಮೇಲೆ ಇನ್ನೊಂದು ಮಾಡಿದರು. ವಾಪಸ್ ಬಂದಮೇಲೆ ಜೊತೆಯಾದವರು ಇಬ್ಬರು. ಒಬ್ಬರು ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ. ಇನ್ನೊಬ್ಬರು, ಕೇಳಿ ಖುಷಿಪಡಿ, ಜಾದವಪುರ ವಿಶ್ವವಿದ್ಯಾಲಯದ ಫುಡ್ ಟೆಕ್ನಾಲಜಿಯ ಸುನೀತ್ ಮುಖರ್ಜಿ. ಶೈತ್ಯೀಕರಣ ಗೊತ್ತಿದ್ದವರು ಅವರೇ.

ಅವರ ದಾರಿಯೇ ಬೇರೆ ಇತ್ತು. ಹೆಣ್ಣಿನ ದೇಹದಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡಾಣು ಬಲಿಯುತ್ತದೆ. ಇಂಗ್ಲೆಂಡಿನವರು ಆ ಒಂದನ್ನೇ ಲ್ಯಾಪರೋಸ್ಕೋಪ್‌ನಿಂದ ತೆಗೆದಿದ್ದರು. ಸುಭಾಷ್ ಗೊನ್ಯಾಡೊಟ್ರೋಪಿನ್ ಹಾರ್ಮೋನ್ ಕೊಟ್ಟು, ಒಂದೇ ಸಲಕ್ಕೆ ಹಲವು ಅಂಡಾಣು ಬಲಿಯುವಂತೆ ಮಾಡಿದರು. ಯೋನಿಮಾರ್ಗದಿಂದಲೇ ಅವನ್ನು ತೆಗೆದರು. ಆದರೆ ಹಾರ್ಮೋನ್ ಏರಿಸಿದ ತಿಂಗಳಲ್ಲಿ ಗರ್ಭಕೋಶದ ಒಳಪದರ ಭ್ರೂಣಕ್ಕೆ ಸರಿಯಾಗಿ ಹೊಂದದೇ ಹೋಗಬಹುದು. ಅದಕ್ಕೇ ಭ್ರೂಣವನ್ನು ಡಿಎಂಎಸ್‌ಒ ಎಂಬ ದ್ರಾವಣದ ನೆರವಿನಿಂದ ಘನೀಕರಿಸಿಟ್ಟು, ಮುಂದೊಂದು ಸಹಜ ಋತುಚಕ್ರದಲ್ಲಿ ಒಳಗಿಟ್ಟರು. ಇವತ್ತು ಐವಿಎಫ್ ಕ್ಲಿನಿಕ್‌ಗಳಲ್ಲಿ ದಿನಾ ನಡೆಯೋದು ಹೆಚ್ಚುಕಮ್ಮಿ ಇದೇ. ಘನೀಕರಿಸಿದ ಭ್ರೂಣದಿಂದ ಆಸ್ಟ್ರೇಲಿಯಾದಲ್ಲಿ ಮಗು ಹುಟ್ಟಿದ್ದು 1984ರಲ್ಲಿ!

ಯಾರೂ ನಂಬಲಿಲ್ಲ. ಬಂಗಾಳ ಸರ್ಕಾರ ತನಿಖಾ ಸಮಿತಿ ಮಾಡಿತು. ಅದರ ಮುಖ್ಯಸ್ಥರು ರೇಡಿಯೋ ಭೌತಶಾಸ್ತ್ರದವರು. ಐವಿಎಫ್ ಮಾಡಿ ನೋಡಿದವರು ಒಬ್ಬರೂ ಅದರಲ್ಲಿರಲಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ರಿವ್ಯೂಗೆ ಸಂಬಂಧವೇ ಇಲ್ಲದ ಬ್ರಾಂಚಿನ ಪ್ಯಾನೆಲ್ ಕೂತ ಹಾಗೆ ಅಂದುಕೊಳ್ಳಿ. ನಿಜ ಹೇಳಬೇಕಂದ್ರೆ ಅನುಮಾನಕ್ಕೂ ಎಡೆಯಿತ್ತು: ಅವರು ಪ್ರಕಟಿಸಿದ ವಿವರ ಚುಟುಕಾಗಿತ್ತು, ಮಗುವಿನ ಮನೆಯವರು ಮುಂದೆ ಬರಲು ಸಿದ್ಧರಿರಲಿಲ್ಲ. ಆದರೆ ಅನುಮಾನಪಡೋದು ಬೇರೆ, ಬಾಯಿ ಕಟ್ಟೋದು ಬೇರೆ. ಸಮಿತಿ ಇದನ್ನು ಸುಳ್ಳೆಂದಿತು. ಜಪಾನಿನಿಂದ ಆಹ್ವಾನ ಬಂದರೂ ಹೋಗಲು ಅನುಮತಿ ಸಿಗಲಿಲ್ಲ. 1981ರ ಜೂನ್‌ನಲ್ಲಿ ಹಾರ್ಮೋನ್ ತಜ್ಞನನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. ಅದೇ ತಿಂಗಳ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ಐವತ್ತು ವರ್ಷ ವಯಸ್ಸು.

1986ರಲ್ಲಿ ಮುಂಬೈಯಲ್ಲಿ ಹರ್ಷ ಎಂಬ ಮಗು ಹುಟ್ಟಿತು. ದೇಶದ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಅಂತ ದಾಖಲಾಗಿದ್ದು ಅದೇ. ಇಂದಿರಾ ಹಿಂದೂಜಾ ಜೊತೆ ಅದರ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್. 1997ರಲ್ಲಿ ಸುಭಾಷ್ ಬಿಟ್ಟುಹೋದ ಕಾಗದಪತ್ರಗಳು ಇವರ ಕೈಗೆ ಬಂದವು. ಕೂತು ಓದಿದರು. ಆಮೇಲೆ ನಮ್ಮ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್‌ನಲ್ಲಿ ಬರೆದರು: ಮೊದಲಿಗ ತಾನಲ್ಲ, ಸುಭಾಷ್.